ಕಂಟೇನರಿನ ಒಳಗಿನಿಂದ ಆತಿಥೇಯ ಗಣಕದ ಸೇವೆಗಳಿಗೆ ಸಂಪರ್ಕ: ಒಂದು ವಿವೇಚನೆ

1. ಪೀಠಿಕೆ

ಬೆಂಗಳೂರು ನಗರ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ತಮಿಳುನಾಡಿನ ಗಡಿಗೆ ತಾಗಿಕೊಂಡಿರುವ ಆನೇಕಲ್ ತಾಲ್ಲೂಕು ಕಳೆದ ಕೆಲವು ದಶಕಗಳಲ್ಲಿ ಕಂಡಿರುವ ಮಾರ್ಪಾಡು ಗಮನಾರ್ಹವಾದುದು. ರಾಗಿ ಹೊಲಗಳ ಮತ್ತು ಕೆರೆಬಯಲುಗಳ ನಡುವೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕೈಗಾರಿಕಾ ಪ್ರದೇಶಗಳು ತಲೆಯೆತ್ತಿದವು. 1976ರಲ್ಲಿ ಸ್ಥಾಪನೆಗೊಂಡ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗಾ ಅವರ ಮುಂದಾಳ್ತನದಲ್ಲಿ, ತಾಲ್ಲೂಕಿನ ನೆರೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಒಂದೇ ಹೆದ್ದಾರಿಯ ಎರಡು ಬದಿಗಳಲ್ಲಿ ಲೋಹವನ್ನು ಕಡೆಯುವ ಕಾರ್ಖಾನೆಗಳೂ ತಂತ್ರಾಂಶವನ್ನು ರಚಿಸುವ ಕಚೇರಿಗಳೂ ನೆರೆಹೊರೆಯಾಗಿ ಬೆಳೆದದ್ದು ಈ ಪ್ರದೇಶದ ವೈಶಿಷ್ಟ್ಯ.

ಇಂತಹ ಪ್ರದೇಶದಲ್ಲಿ ‘ಕಂಟೇನರ್’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಹೊಸೂರು ರಸ್ತೆಯಲ್ಲಿ ಲಾರಿಗಳ ಮೇಲೆ ಸಾಗುವ, ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ನಿಲ್ದಾಣದಲ್ಲಿ ಇಳಿಯುವ ಉಕ್ಕಿನ ಪೆಟ್ಟಿಗೆ ಮೊದಲನೆಯದು. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಕಲ ಪರಿಕರಗಳನ್ನೂ ಒಟ್ಟಾಗಿ ಕಟ್ಟಿ, ಯಾವ ಗಣಕದ ಮೇಲೆ ಇರಿಸಿದರೂ ಒಂದೇ ರೀತಿಯಲ್ಲಿ ನಡೆಯುವಂತೆ ಮಾಡುವ ತಾಂತ್ರಿಕ ವ್ಯವಸ್ಥೆ ಎರಡನೆಯದು. ಎರಡನೆಯದು ತನ್ನ ಹೆಸರನ್ನು ಪಡೆದದ್ದು ಮೊದಲನೆಯದರಿಂದಲೇ. ಒಳಗಿನ ಸರಕು ಏನೆಂಬುದನ್ನು ಸಾಗಿಸುವವನು ತಿಳಿಯಬೇಕಾಗಿಲ್ಲ ಎಂಬುದು ಎರಡಕ್ಕೂ ಸಮಾನವಾದ ಗುಣ.

ತಂತ್ರಾಂಶದ ಕಂಟೇನರನ್ನು ಬಳಸಲಾರಂಭಿಸಿದ ಬಹುತೇಕರು ಮೊದಲ ದಿನಗಳಲ್ಲಿಯೇ ಒಂದು ಒಗಟನ್ನು ಎದುರಿಸುತ್ತಾರೆ. ಗಣಕದಲ್ಲಿ ಒಂದು ದತ್ತಸಂಚಯವು ಸರಿಯಾಗಿ ನಡೆಯುತ್ತಿರುತ್ತದೆ. ಅದೇ ಗಣಕದ ಮೇಲಿರುವ ಕಂಟೇನರಿನ ಒಳಗಿನ ತಂತ್ರಾಂಶವು ಆ ದತ್ತಸಂಚಯವನ್ನು ಹುಡುಕಿ, ಅಲ್ಲಿ ಯಾರೂ ಇಲ್ಲವೆಂದು ವರದಿ ಮಾಡುತ್ತದೆ. ಎರಡೂ ಒಂದೇ ಯಂತ್ರದಲ್ಲಿದ್ದರೂ ಒಂದನ್ನೊಂದು ಕಾಣಲಾರವು. ಈ ಒಗಟಿನ ಕಾರಣವನ್ನೂ ಅದನ್ನು ಬಿಡಿಸುವ ಮಾರ್ಗಗಳನ್ನೂ, ಯಾವ ಸಂದರ್ಭದಲ್ಲಿ ಬಿಡಿಸದೆ ಇರುವುದೇ ಲೇಸು ಎಂಬುದನ್ನೂ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

2. ಪ್ರತ್ಯೇಕತೆಯ ಕಲ್ಪನೆ: ಸಂಕ್ಷಿಪ್ತ ಇತಿಹಾಸ

ಒಂದೇ ಗಣಕದಲ್ಲಿ ನಡೆಯುವ ತಂತ್ರಾಂಶಗಳನ್ನು ಪರಸ್ಪರ ಬೇರ್ಪಡಿಸಿ ಇಡಬೇಕೆಂಬ ಆಲೋಚನೆ ಹೊಸದೇನಲ್ಲ. 1979ರ ಹೊತ್ತಿಗೆ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ‘ಸಿಎಚ್‌ರೂಟ್’ ಎಂಬ ಸೌಲಭ್ಯ ಕಾಣಿಸಿಕೊಂಡಿತು. ಅದು ಒಂದು ತಂತ್ರಾಂಶಕ್ಕೆ ಕಡತಗಳ ಒಂದು ಭಾಗವನ್ನಷ್ಟೇ ತೋರಿಸಿ, ಅದೇ ಸಮಸ್ತ ಜಗತ್ತು ಎಂಬ ಭಾವನೆಯನ್ನು ಹುಟ್ಟಿಸುತ್ತಿತ್ತು. 2000ದಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯು ‘ಜೈಲ್’ ಎಂಬ ಹೆಸರಿನಲ್ಲಿ ಈ ಕಲ್ಪನೆಯನ್ನು ವಿಸ್ತರಿಸಿತು. ಮುಂದೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ‘ನೇಮ್‌ಸ್ಪೇಸ್’ ಎಂಬ ಸೌಲಭ್ಯಗಳು ಒಂದೊಂದಾಗಿ ಸೇರಿದವು. ಯಾವ ತಂತ್ರಾಂಶ ಏನನ್ನು ಕಾಣಬಹುದು ಎಂಬುದನ್ನು ನಿರ್ಧರಿಸುವುದು ನೇಮ್‌ಸ್ಪೇಸ್‌ನ ಕೆಲಸ. ಯಾವುದು ಎಷ್ಟು ಸ್ಮೃತಿಯನ್ನು, ಎಷ್ಟು ಸಂಸ್ಕಾರಕದ ಸಮಯವನ್ನು ಬಳಸಬಹುದು ಎಂಬುದನ್ನು ನಿಯಂತ್ರಿಸುವ ‘ಸಿಗ್ರೂಪ್’ ಎಂಬ ಏರ್ಪಾಡನ್ನು ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದರು. ಅದು 2008ರಲ್ಲಿ ಕರ್ನಲ್‌ನ ಭಾಗವಾಯಿತು.

ಇವೆಲ್ಲವನ್ನೂ ಒಂದುಗೂಡಿಸಿ, ಸಾಮಾನ್ಯ ತಂತ್ರಾಂಶಗಾರನೂ ಸುಲಭವಾಗಿ ಬಳಸುವಂತೆ ಮಾಡಿದ ಕೀರ್ತಿ ‘ಡಾಕರ್’ ಎಂಬ ಸಾಧನಕ್ಕೆ ಸಲ್ಲುತ್ತದೆ. ಸಾಲೊಮನ್ ಹೈಕ್ಸ್ ಅದನ್ನು 2013ರ ಮಾರ್ಚ್ ತಿಂಗಳಿನಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸಿದರು. 2014ರಲ್ಲಿ ಬೆಳಕಿಗೆ ಬಂದ ‘ಕುಬರ್ನೆಟೀಸ್’ ಅನೇಕ ಗಣಕಗಳ ಮೇಲೆ ಸಾವಿರಾರು ಕಂಟೇನರುಗಳನ್ನು ಹಂಚಿ ನಡೆಸುವ ಹೊಣೆಯನ್ನು ಹೊತ್ತುಕೊಂಡಿತು. ಪ್ರಸ್ತುತ ವಿಷಯದ ದೃಷ್ಟಿಯಿಂದ ಈ ಇತಿಹಾಸದಲ್ಲಿ ನೆನಪಿಡಬೇಕಾದ ಅಂಶ ಒಂದೇ: ಗೋಡೆಯು ಕಂಟೇನರಿನ ಹುಟ್ಟಿನ ಉದ್ದೇಶವೇ ಆಗಿದೆ.

3. ವಠಾರದ ಹೋಲಿಕೆ

ವಿಷಯವನ್ನು ಸ್ಪಷ್ಟಪಡಿಸಲು ವಠಾರದ ಹೋಲಿಕೆಯನ್ನು ತೆಗೆದುಕೊಳ್ಳಬಹುದು. ಸ್ವಂತ ನಿವೇಶನದಲ್ಲಿ ಸ್ವಂತ ತಳಪಾಯ, ಸ್ವಂತ ಬಾವಿಯೊಡನೆ ಕಟ್ಟಿದ ಬಿಡಿಮನೆಯನ್ನು ವರ್ಚುವಲ್ ಯಂತ್ರಕ್ಕೆ ಹೋಲಿಸಬಹುದು. ಅದರೊಳಗೆ ಪ್ರತ್ಯೇಕವಾದ ಒಂದು ಕಾರ್ಯಾಚರಣ ವ್ಯವಸ್ಥೆಯೇ ನಡೆಯುತ್ತದೆ. ಕಂಟೇನರು ವಠಾರದ ಮನೆಯಂತೆ. ತಳಪಾಯ ಎಲ್ಲರಿಗೂ ಒಂದೇ, ಬಾವಿಯೂ ಒಂದೇ. ಆದರೆ ಪ್ರತಿ ಮನೆಗೂ ಅದರದೇ ಬಾಗಿಲು, ಅದರದೇ ಅಡುಗೆಮನೆ ಇರುತ್ತವೆ. ಇಲ್ಲಿ ತಳಪಾಯವೆಂದರೆ ಆತಿಥೇಯ ಗಣಕದ ಕರ್ನಲ್. ವಠಾರದ ಮಾಲೀಕನ ಮನೆಯೆಂದರೆ ಕಂಟೇನರುಗಳಿಗೆ ಆಶ್ರಯ ನೀಡಿರುವ ಆತಿಥೇಯ ಗಣಕದ ಸ್ವಂತ ಪರಿಸರ.

ವಠಾರದ ಪ್ರತಿ ಮನೆಯವರೂ ‘ನಮ್ಮ ಮನೆ’ ಎಂಬ ಮಾತನ್ನು ಬಳಸುತ್ತಾರೆ. ಮಾತು ಒಂದೇ, ಆದರೆ ಹೇಳುವವರು ಬದಲಾದಂತೆ ಅದು ಸೂಚಿಸುವ ಮನೆಯೂ ಬದಲಾಗುತ್ತದೆ. ಮೂರನೆಯ ಮನೆಯ ಮಗುವಿಗೆ ‘ನಮ್ಮ ಮನೆಯಿಂದ ಉಪ್ಪು ತಾ’ ಎಂದರೆ ಅದು ಮೂರನೆಯ ಮನೆಗೇ ಹೋಗುತ್ತದೆಯೇ ಹೊರತು ಮಾಲೀಕನ ಮನೆಗಲ್ಲ. ಕಂಟೇನರಿನ ಒಗಟಿನ ಮೂಲ ಈ ಸರಳ ಸಂಗತಿಯಲ್ಲಿದೆ.

4. 127.0.0.1 ಎಂಬ ವಿಳಾಸದ ಅರ್ಥ

ಅಂತರಜಾಲದ ವಿಳಾಸಪದ್ಧತಿಯಲ್ಲಿ 127ರಿಂದ ಆರಂಭವಾಗುವ ವಿಳಾಸಗಳೆಲ್ಲವೂ ‘ಲೂಪ್‌ಬ್ಯಾಕ್’ ಎಂಬ ವಿಶೇಷ ಬಳಕೆಗೆ ಮೀಸಲಾಗಿವೆ. ಇವುಗಳಿಗೆ ಕಳುಹಿಸಿದ ಸಂದೇಶವು ಕಳುಹಿಸಿದಲ್ಲಿಗೇ ಹಿಂದಿರುಗುತ್ತದೆ. ತಂತಿಯ ಮೇಲೆ ಹೊರಗೆ ಹೋಗುವುದಿಲ್ಲ, ಹೋಗಲೂಬಾರದು. ಈ ನಿಯಮವನ್ನು 1989ರಲ್ಲಿ ಪ್ರಕಟವಾದ ಅಂತರಜಾಲದ ಮಾನಕಪತ್ರವು ಸ್ಪಷ್ಟವಾಗಿ ವಿಧಿಸಿದೆ. ‘ಲೋಕಲ್‌ಹೋಸ್ಟ್’ ಎಂಬುದು 127.0.0.1 ಎಂಬ ವಿಳಾಸಕ್ಕೆ ರೂಢಿಯಲ್ಲಿರುವ ಹೆಸರು.

ಕಂಟೇನರುಗಳಿಲ್ಲದ ಕಾಲದಲ್ಲಿ ಇದರ ಅರ್ಥ ‘ಈ ಗಣಕ’ ಎಂದಷ್ಟೇ ಆಗಿತ್ತು. ನೇಮ್‌ಸ್ಪೇಸ್‌ಗಳು ಬಂದ ಮೇಲೆ ಅರ್ಥ ಸೂಕ್ಷ್ಮವಾಗಿ ಬದಲಾಯಿತು. ಲಿನಕ್ಸ್‌ನ ಜಾಲ ನೇಮ್‌ಸ್ಪೇಸ್ ಪ್ರತಿ ಕಂಟೇನರಿಗೂ ಪ್ರತ್ಯೇಕವಾದ ಜಾಲಸಂಪರ್ಕ ಮುಖಗಳನ್ನು, ಪ್ರತ್ಯೇಕವಾದ ಮಾರ್ಗಸೂಚಿಯನ್ನು, ಪ್ರತ್ಯೇಕವಾದ ಪೋರ್ಟ್ ಸಂಖ್ಯೆಗಳನ್ನು, ಹಾಗೆಯೇ ಪ್ರತ್ಯೇಕವಾದ ಲೂಪ್‌ಬ್ಯಾಕ್ ಅನ್ನು ನೀಡುತ್ತದೆ. ಆದುದರಿಂದ ಕಂಟೇನರಿನ ಒಳಗಿನಿಂದ 127.0.0.1 ಎಂದರೆ ಆ ಕಂಟೇನರು ಮಾತ್ರ. ಆತಿಥೇಯ ಗಣಕದಲ್ಲಿ 5432ನೆಯ ಪೋರ್ಟಿನಲ್ಲಿ ಕುಳಿತಿರುವ ಪೋಸ್ಟ್‌ಗ್ರೆಸ್ ದತ್ತಸಂಚಯವನ್ನು ಈ ವಿಳಾಸದಲ್ಲಿ ಹುಡುಕಿದರೆ, ಕಂಟೇನರಿನೊಳಗಿನ 5432ನೆಯ ಪೋರ್ಟನ್ನು ತಟ್ಟಿದಂತಾಗುತ್ತದೆ. ಅಲ್ಲಿ ಯಾರೂ ಇಲ್ಲದ ಕಾರಣ ಸಂಪರ್ಕ ನಿರಾಕರಣೆಯಾಗುತ್ತದೆ.

ಇದಕ್ಕೆ ಒಂದು ಅಪವಾದವನ್ನು ಗಮನಿಸಬೇಕು. ಕುಬರ್ನೆಟೀಸ್‌ನಲ್ಲಿ ‘ಪಾಡ್’ ಎಂಬ ಘಟಕದೊಳಗಿನ ಹಲವು ಕಂಟೇನರುಗಳು ಒಂದೇ ಜಾಲ ನೇಮ್‌ಸ್ಪೇಸ್ ಅನ್ನು ಹಂಚಿಕೊಳ್ಳುತ್ತವೆ. ಅವು ಒಂದೇ ಮನೆಯ ಎರಡು ಕೋಣೆಗಳಂತೆ. ಅವುಗಳ ನಡುವೆ 127.0.0.1 ಸಾಮಾನ್ಯವಾದ ವಿಳಾಸವೇ ಆಗಿರುತ್ತದೆ.

5. ಸಮಸ್ಯೆ ಉದ್ಭವಿಸುವ ಸಂದರ್ಭ

ಎಲ್ಲ ಸೇವೆಗಳನ್ನೂ ಕಂಟೇನರುಗಳಲ್ಲಿಯೇ ಇರಿಸಿದರೆ ಈ ಪ್ರಶ್ನೆ ಏಳುವುದಿಲ್ಲವಲ್ಲ ಎಂದು ಕೇಳಬಹುದು. ವಾಸ್ತವದಲ್ಲಿ ಹಾಗೆ ಇರಿಸಲು ಎಲ್ಲೆಡೆ ಸಾಧ್ಯವಾಗುವುದಿಲ್ಲ. ನಿದರ್ಶನಕ್ಕೆ ಜಿಗಣಿಯಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳೋಣ. ಅಲ್ಲಿನ ಕಚೇರಿಯ ಗಣಕದಲ್ಲಿ ಹಲವು ವರ್ಷಗಳ ಹಾಜರಿ, ವೇತನ ಮತ್ತು ಸರಕಿನ ಲೆಕ್ಕ ಒಂದು ದತ್ತಸಂಚಯದಲ್ಲಿ ಶೇಖರವಾಗಿದೆ. ಅದನ್ನು ಕದಲಿಸಲು ಮಾಲೀಕರು ಹಿಂಜರಿಯುತ್ತಾರೆ. ಆ ಹಿಂಜರಿಕೆ ಸಕಾರಣವೂ ಹೌದು. ಈಗ ಹೊಸದಾಗಿ ಕೊಂಡ ವೇತನಪಟ್ಟಿಯ ತಂತ್ರಾಂಶವು ಕಂಟೇನರಿನ ರೂಪದಲ್ಲಿ ಬರುತ್ತದೆ. ಹಳೆಯದು ಆತಿಥೇಯದ ಮೇಲೆ, ಹೊಸದು ಪೆಟ್ಟಿಗೆಯೊಳಗೆ. ಎರಡೂ ಮಾತನಾಡದಿದ್ದರೆ ತಿಂಗಳ ಕೊನೆಯಲ್ಲಿ ಕಾರ್ಮಿಕರ ಕೈಗೆ ವೇತನ ತಲುಪುವುದಿಲ್ಲ. ಗಣಕಕ್ಕೆ ಜೋಡಿಸಿದ ಮುದ್ರಣಯಂತ್ರ, ತೂಕದ ಯಂತ್ರ, ಬೆರಳಚ್ಚು ಸಾಧನ ಮುಂತಾದವುಗಳ ಸ್ಥಿತಿಯೂ ಇದೇ. ಅವುಗಳನ್ನು ನಡೆಸುವ ಸೇವೆಗಳು ಸಾಮಾನ್ಯವಾಗಿ ಆತಿಥೇಯದ ಮೇಲೆಯೇ ಇರುತ್ತವೆ.

6. ಆತಿಥೇಯವನ್ನು ತಲುಪುವ ಮಾರ್ಗಗಳು

ಮೊದಲನೆಯ ಮಾರ್ಗ: ಗೇಟ್‌ವೇ ವಿಳಾಸ. ಲಿನಕ್ಸ್‌ನಲ್ಲಿ ಡಾಕರನ್ನು ಅಳವಡಿಸಿದಾಗ ಅದು ‘ಡಾಕರ್0’ ಎಂಬ ಹೆಸರಿನ ಒಂದು ಕಾಲ್ಪನಿಕ ಸೇತುವೆಯನ್ನು ಆತಿಥೇಯದಲ್ಲಿ ನಿರ್ಮಿಸುತ್ತದೆ. ಪೂರ್ವನಿಯೋಜಿತವಾಗಿ ಈ ಸೇತುವೆಯ ಜಾಲ 172.17.0.0/16, ಅದರಲ್ಲಿ ಆತಿಥೇಯದ ವಿಳಾಸ 172.17.0.1. ಪ್ರತಿ ಕಂಟೇನರಿಗೂ ಎರಡು ತುದಿಗಳುಳ್ಳ ಕಾಲ್ಪನಿಕ ತಂತಿಯೊಂದನ್ನು ನೀಡಲಾಗುತ್ತದೆ. ಅದರ ಒಂದು ತುದಿ ಕಂಟೇನರಿನೊಳಗೆ, ಇನ್ನೊಂದು ಸೇತುವೆಯ ಮೇಲೆ. ವಠಾರದ ಭಾಷೆಯಲ್ಲಿ ಇದು ನಡುವಿನ ಅಂಗಳ. ಮನೆಯಿಂದ ಅಂಗಳಕ್ಕಿಳಿದು ಮಾಲೀಕನ ಬಾಗಿಲನ್ನು ತಟ್ಟುವಂತೆ, ಕಂಟೇನರು 172.17.0.1 ಎಂಬ ವಿಳಾಸಕ್ಕೆ ಕರೆ ಕಳುಹಿಸಿ ಆತಿಥೇಯವನ್ನು ಮುಟ್ಟಬಹುದು. ಆದರೆ ಈ ಸಂಖ್ಯೆ ಶಾಶ್ವತವಲ್ಲ. ಬಳಕೆದಾರರು ತಾವೇ ಬೇರೆ ಜಾಲಗಳನ್ನು ರಚಿಸಿದಾಗ 172.18.0.0/16 ಮುಂತಾದ ಬೇರೆ ವಿಳಾಸಗಳು ದೊರೆಯುತ್ತವೆ. ಆದ್ದರಿಂದ ಸಂಖ್ಯೆಯನ್ನು ತಂತ್ರಾಂಶದೊಳಗೆ ನೇರವಾಗಿ ಬರೆದಿಡುವುದು ಯುಕ್ತವಲ್ಲ.

ಎರಡನೆಯ ಮಾರ್ಗ: ಗೊತ್ತುಪಡಿಸಿದ ಹೆಸರು. ವಿಂಡೋಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಬಳಸುವ ಡಾಕರ್ ಡೆಸ್ಕ್‌ಟಾಪ್‌ನಲ್ಲಿ 2018ರಿಂದ ‘ಹೋಸ್ಟ್.ಡಾಕರ್.ಇಂಟರ್ನಲ್’ ಎಂಬ ಹೆಸರು ಲಭ್ಯವಿದೆ. ಕಂಟೇನರಿನ ಒಳಗಿನಿಂದ ಈ ಹೆಸರನ್ನು ಕರೆದರೆ ಅದು ಆತಿಥೇಯದ ವಿಳಾಸವಾಗಿ ಪರಿವರ್ತನೆಗೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಹೆಸರು ತಾನಾಗಿ ದೊರೆಯುವುದಿಲ್ಲ. 2020ರ ಡಿಸೆಂಬರಿನಲ್ಲಿ ಬಿಡುಗಡೆಯಾದ 20.10ನೆಯ ಆವೃತ್ತಿಯಿಂದ, ಕಂಟೇನರನ್ನು ಆರಂಭಿಸುವಾಗ ‘ಆ್ಯಡ್-ಹೋಸ್ಟ್’ ಎಂಬ ಆಯ್ಕೆಯೊಡನೆ ಈ ಹೆಸರನ್ನೂ ‘ಹೋಸ್ಟ್-ಗೇಟ್‌ವೇ’ ಎಂಬ ವಿಶೇಷ ಪದವನ್ನೂ ಜೋಡಿಸಿ ಕೊಟ್ಟರೆ, ಗೇಟ್‌ವೇ ವಿಳಾಸವನ್ನು ಡಾಕರೇ ಕಂಡುಕೊಂಡು ತುಂಬುತ್ತದೆ. ‘ಪಾಡ್‌ಮನ್’ ಎಂಬ ಪರ್ಯಾಯ ಸಾಧನದಲ್ಲಿ ಇದಕ್ಕೆ ಸಮಾನವಾದ ಹೆಸರು ‘ಹೋಸ್ಟ್.ಕಂಟೇನರ್ಸ್.ಇಂಟರ್ನಲ್’. ಸಂಖ್ಯೆಗಿಂತ ಹೆಸರು ಮೇಲೆಂಬುದು ಇಲ್ಲಿ ಪಾಲಿಸಬೇಕಾದ ಸೂತ್ರ.

ವಿಂಡೋಸ್ ಮತ್ತು ಮ್ಯಾಕ್‌ಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಿನಕ್ಸ್ ಕಂಟೇನರಿಗೆ ಲಿನಕ್ಸ್ ಕರ್ನಲ್ ಅಗತ್ಯವಾದುದರಿಂದ ಅಲ್ಲಿ ಡಾಕರ್ ಡೆಸ್ಕ್‌ಟಾಪ್ ಮರೆಯಲ್ಲಿ ಒಂದು ವರ್ಚುವಲ್ ಯಂತ್ರವನ್ನು ನಡೆಸುತ್ತಿರುತ್ತದೆ. ಕಂಟೇನರಿನ ನಿಜವಾದ ನೆಲ ಆ ವರ್ಚುವಲ್ ಯಂತ್ರವೇ. ಈ ಕಾರಣದಿಂದ ಅಲ್ಲಿ ಸೇತುವೆಯ ಗೇಟ್‌ವೇ ವಿಳಾಸವು ಮೇಜಿನ ಮೇಲಿರುವ ಗಣಕವನ್ನು ತಲುಪಿಸದು. ಹೆಸರಿನ ಮಾರ್ಗವನ್ನೇ ಅನುಸರಿಸಬೇಕು. ಆ ಹೆಸರಿಗೆ ಬಂದ ಕರೆಯನ್ನು ಡಾಕರ್ ಡೆಸ್ಕ್‌ಟಾಪ್ ಆತಿಥೇಯದ ಮೇಲೆ ತಾನೇ ಮುಂದುವರಿಸುವುದರಿಂದ, ಆತಿಥೇಯದ 127.0.0.1ರಲ್ಲಿ ಮಾತ್ರ ಕೇಳುತ್ತಿರುವ ಸೇವೆಯೂ ಅಲ್ಲಿ ದೊರೆಯುತ್ತದೆ. ಲಿನಕ್ಸ್‌ನಲ್ಲಿ ಹಾಗಾಗುವುದಿಲ್ಲ. ಒಬ್ಬರ ಗಣಕದಲ್ಲಿ ಕೆಲಸ ಮಾಡಿದ ಏರ್ಪಾಡು ಇನ್ನೊಬ್ಬರಲ್ಲಿ ವಿಫಲವಾಗುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಮೂರನೆಯ ಮಾರ್ಗ: ಆತಿಥೇಯದ ಜಾಲವನ್ನೇ ಹಂಚಿಕೊಳ್ಳುವುದು. ಕಂಟೇನರನ್ನು ಆರಂಭಿಸುವಾಗ ಜಾಲದ ಆಯ್ಕೆಯಾಗಿ ‘ಹೋಸ್ಟ್’ ಎಂದು ಸೂಚಿಸಿದರೆ ಅದಕ್ಕೆ ಪ್ರತ್ಯೇಕ ಜಾಲ ನೇಮ್‌ಸ್ಪೇಸ್ ರಚನೆಯಾಗುವುದೇ ಇಲ್ಲ. ಆಗ ಒಳಗಿನ 127.0.0.1 ಮತ್ತು ಹೊರಗಿನ 127.0.0.1 ಒಂದೇ ಆಗುತ್ತವೆ. ಇದು ಅತ್ಯಂತ ಸುಲಭವಾದ ಪರಿಹಾರ. ಆದರೆ ಇದು ಬಾಗಿಲನ್ನು ಇಡುವುದಲ್ಲ, ಗೋಡೆಯನ್ನೇ ಕೆಡಹುವುದು. ಆತಿಥೇಯವು ತನಗಾಗಿ ಮಾತ್ರ ಇರಿಸಿಕೊಂಡಿದ್ದ ಎಲ್ಲ ಸೇವೆಗಳೂ ಕಂಟೇನರಿಗೆ ಕಾಣಿಸುತ್ತವೆ. ಎರಡು ತಂತ್ರಾಂಶಗಳು ಒಂದೇ ಪೋರ್ಟಿಗಾಗಿ ಜಗಳವಾಡುವ ಸಂಭವವೂ ಮರಳಿ ಬರುತ್ತದೆ.

ನಾಲ್ಕನೆಯ ಮಾರ್ಗ: ಸಾಕೆಟ್ ಕಡತ. ಯೂನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಎರಡು ತಂತ್ರಾಂಶಗಳು ಜಾಲವನ್ನು ಬಳಸದೆ ವಿಶೇಷ ಕಡತವೊಂದರ ಮೂಲಕ ಮಾತನಾಡಬಹುದು. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎರಡರಲ್ಲಿಯೂ ಈ ಸೌಲಭ್ಯವಿದೆ. ಆ ಕಡತವಿರುವ ಕೋಶವನ್ನು ಕಂಟೇನರಿನೊಳಗೆ ಜೋಡಿಸಿದರೆ ಯಾವ ಪೋರ್ಟನ್ನೂ ತೆರೆಯದೆ ಸಂಪರ್ಕ ಸಾಧ್ಯವಾಗುತ್ತದೆ. ಲಿನಕ್ಸ್‌ನಲ್ಲಿ, ಒಂದೇ ಯಂತ್ರದ ಮೇಲೆ ಎರಡೂ ಇರುವುದು ಖಚಿತವಾಗಿದ್ದಾಗ, ಇದು ಅಚ್ಚುಕಟ್ಟಾದ ಮಾರ್ಗ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಡಾಕರಿನ ಸ್ವಂತ ನಿಯಂತ್ರಣ ಸಾಕೆಟನ್ನು ಹೀಗೆ ಒಳಗೆ ಕೊಟ್ಟರೆ ಇಡೀ ಆತಿಥೇಯದ ಒಡೆತನವನ್ನೇ ಕೊಟ್ಟಂತೆ.

ಇಲ್ಲಿ ಪದೇ ಪದೇ ಆಗುವ ಒಂದು ಗೊಂದಲವನ್ನು ನಿವಾರಿಸುವುದು ಅವಶ್ಯ. ಕಂಟೇನರನ್ನು ಆರಂಭಿಸುವಾಗ ಪೋರ್ಟನ್ನು ‘ಪ್ರಕಟಿಸುವ’ ಆಯ್ಕೆಯೊಂದಿದೆ. ಅದು ಹೊರಗಿನವರು ಕಂಟೇನರಿನ ಒಳಗೆ ಬರುವ ಬಾಗಿಲು. ಕಂಟೇನರು ಆತಿಥೇಯದ ಕಡೆಗೆ ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆತಿಥೇಯದ ದತ್ತಸಂಚಯವನ್ನು ತಲುಪಲು 5432ನೆಯ ಪೋರ್ಟನ್ನು ಪ್ರಕಟಿಸುವುದು ವಿರುದ್ಧ ದಿಕ್ಕಿನ ಬಾಗಿಲನ್ನು ತೆರೆದಂತೆ.

7. ಆತಿಥೇಯದ ಕಡೆಯ ಮೂರು ತಡೆಗಳು

ವಿಳಾಸ ಸರಿಯಾದ ಮಾತ್ರಕ್ಕೆ ಸಂಪರ್ಕ ಸಿದ್ಧಿಸುವುದಿಲ್ಲ. ಆತಿಥೇಯದ ಕಡೆಯಲ್ಲಿ ಮೂರು ತಡೆಗಳಿವೆ.

ಮೊದಲನೆಯದು, ಸೇವೆಯು ಯಾವ ವಿಳಾಸದಲ್ಲಿ ಕೇಳುತ್ತಿದೆ ಎಂಬುದು. ಪೋಸ್ಟ್‌ಗ್ರೆಸ್ ಪೂರ್ವನಿಯೋಜಿತವಾಗಿ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳುತ್ತದೆ. ಉಬುಂಟು ವ್ಯವಸ್ಥೆಯಲ್ಲಿ ಅಳವಡಿಸಿದ ಮೈಎಸ್‌ಕ್ಯೂಎಲ್‌ನ ರೀತಿಯೂ ಅದೇ. ಮಾಲೀಕನು ಮನೆಯೊಳಗಿನ ಕರೆಗೆ ಮಾತ್ರ ಓಗೊಟ್ಟರೆ ಅಂಗಳದಿಂದ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಆದುದರಿಂದ ಲೋಕಲ್‌ಹೋಸ್ಟ್‌ನ ಜೊತೆಗೆ 172.17.0.1ರಲ್ಲಿಯೂ ಕೇಳುವಂತೆ ಸಂಯೋಜನಾ ಕಡತದಲ್ಲಿ ಸೂಚಿಸಬೇಕಾಗುತ್ತದೆ. ಇದರಲ್ಲಿಯೂ ಒಂದು ತೊಡಕಿದೆ. ಗಣಕವು ಚಾಲನೆಗೊಳ್ಳುವಾಗ ದತ್ತಸಂಚಯವು ಡಾಕರಿಗಿಂತ ಮೊದಲೇ ಎದ್ದರೆ ಆ ಕ್ಷಣದಲ್ಲಿ ಸೇತುವೆಯ ವಿಳಾಸವೇ ಇರುವುದಿಲ್ಲ. ಪೋಸ್ಟ್‌ಗ್ರೆಸ್ ಒಂದು ಎಚ್ಚರಿಕೆಯನ್ನು ದಾಖಲಿಸಿ, ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳುತ್ತಾ ಮುಂದುವರಿಯುತ್ತದೆ. ವಿದ್ಯುತ್ ಹೋಗಿ ಬಂದ ಮರುದಿನ ಬೆಳಿಗ್ಗೆ ಸಂಪರ್ಕ ಕಡಿದಿರುವುದಕ್ಕೆ ಎಷ್ಟೋ ವೇಳೆ ಇದೇ ಕಾರಣವಾಗಿರುತ್ತದೆ. ಸೇವೆಗಳು ಏಳುವ ಕ್ರಮವನ್ನು ನಿಗದಿಪಡಿಸುವುದು ಇದಕ್ಕೆ ಪರಿಹಾರ.

ಎರಡನೆಯದು ಫೈರ್‌ವಾಲ್. ಕಂಟೇನರಿನಿಂದ ಆತಿಥೇಯಕ್ಕೆ ಬರುವ ಕರೆಯನ್ನು ಲಿನಕ್ಸ್ ಹೊರಗಿನಿಂದ ಒಳಬರುವ ಕರೆಯೆಂದೇ ಪರಿಗಣಿಸುತ್ತದೆ. ಒಳಬರುವುದನ್ನೆಲ್ಲ ತಡೆಯುವ ನಿಯಮವಿದ್ದರೆ ಇದನ್ನೂ ತಡೆಯಲಾಗುತ್ತದೆ. ಕಂಟೇನರುಗಳ ಜಾಲದಿಂದ, ನಿರ್ದಿಷ್ಟ ಪೋರ್ಟಿಗೆ ಮಾತ್ರ ಅನುಮತಿ ನೀಡುವ ನಿಯಮವನ್ನು ಸೇರಿಸಬೇಕು.

ಮೂರನೆಯದು ಸೇವೆಯ ಸ್ವಂತ ಅನುಮತಿಪಟ್ಟಿ. ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕೆಂಬುದನ್ನು ಪೋಸ್ಟ್‌ಗ್ರೆಸ್ ಪ್ರತ್ಯೇಕ ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಲೋಕಲ್‌ಹೋಸ್ಟ್‌ನಿಂದ ಬರುವ ಬಳಕೆದಾರನೂ 172.17.0.2ರಿಂದ ಬರುವ ಅದೇ ಹೆಸರಿನ ಬಳಕೆದಾರನೂ ಬೇರೆ ಬೇರೆ ಖಾತೆಗಳು. ಬಳಕೆದಾರ ರಚಿಸಿದ ಜಾಲದಲ್ಲಿ ಕಂಟೇನರಿದ್ದರೆ, ಕರೆ ಹೋಗುವುದು 172.17.0.1ಕ್ಕೇ ಆದರೂ ಕರೆದವರ ವಿಳಾಸ 172.18ರಿಂದ ಆರಂಭವಾಗುವುದಾಗಿರಬಹುದು. ಅನುಮತಿಪಟ್ಟಿಯಲ್ಲಿ ನಮೂದಿಸಬೇಕಾದುದು ಕರೆದವರ ವಿಳಾಸವನ್ನೇ.

ದೋಷವು ಯಾವ ತಡೆಯಲ್ಲಿದೆ ಎಂಬುದನ್ನು ತಂತ್ರಾಂಶವು ನೀಡುವ ಸಂದೇಶದಿಂದಲೇ ಬಹುಮಟ್ಟಿಗೆ ಊಹಿಸಬಹುದು. ಹೆಸರೇ ತಿಳಿಯದೆಂದು ಸಂದೇಶ ಬಂದರೆ ಹೆಸರಿನ ಏರ್ಪಾಡಾಗಿಲ್ಲವೆಂದರ್ಥ. ತಕ್ಷಣವೇ ಸಂಪರ್ಕ ನಿರಾಕರಣೆಯಾದರೆ ತಲುಪಿದ ವಿಳಾಸದಲ್ಲಿ ಆ ಪೋರ್ಟಿನಲ್ಲಿ ಕೇಳುವವರಿಲ್ಲ. ವಿಳಾಸ ತಪ್ಪಿರಬೇಕು, ಇಲ್ಲವೇ ಸೇವೆ 127.0.0.1ಕ್ಕೆ ಸೀಮಿತವಾಗಿರಬೇಕು. ಬಹಳ ಹೊತ್ತು ಕಾದು ಸಮಯ ಮೀರಿದರೆ ಫೈರ್‌ವಾಲ್ ಸದ್ದಿಲ್ಲದೆ ಕರೆಯನ್ನು ನುಂಗಿರುವ ಸಂಭವವೇ ಹೆಚ್ಚು. ಗುರುತು ದೃಢಪಡದೆ ಹಿಂದಿರುಗಿದರೆ ದಾರಿ ಪೂರ್ತಿಯಾಗಿ ಸರಿಯಿದೆ. ಅನುಮತಿಪಟ್ಟಿಯನ್ನೋ ಗುಪ್ತಪದವನ್ನೋ ಪರಿಶೀಲಿಸಬೇಕು. ಸೇವೆ ಯಾವ ವಿಳಾಸದಲ್ಲಿ ಕೇಳುತ್ತಿದೆ ಎಂಬುದನ್ನು ಲಿನಕ್ಸ್‌ನ ‘ಎಸ್‌ಎಸ್’ ಆಜ್ಞೆಯಿಂದ ತಿಳಿಯಬಹುದು.

8. ಬಾಗಿಲನ್ನು ಎಷ್ಟು ತೆರೆಯಬೇಕು?

ಈ ಮೂರು ತಡೆಗಳಿಂದ ಬೇಸತ್ತವರು ಸಾಮಾನ್ಯವಾಗಿ ಹಿಡಿಯುವ ಅಡ್ಡದಾರಿ ಒಂದಿದೆ. ಸೇವೆಯು 0.0.0.0 ಎಂಬಲ್ಲಿ ಕೇಳುವಂತೆ ಮಾಡಿ, ಫೈರ್‌ವಾಲನ್ನು ತೆಗೆದುಹಾಕಿ, ಅನುಮತಿಪಟ್ಟಿಯಲ್ಲಿ ಎಲ್ಲರಿಗೂ ಪ್ರವೇಶ ಕೊಡುವುದು. ಸಂಪರ್ಕವೇನೋ ಒಡನೆಯೇ ಸಾಧ್ಯವಾಗುತ್ತದೆ. ಆದರೆ 0.0.0.0 ಎಂದರೆ ಗಣಕಕ್ಕಿರುವ ಎಲ್ಲ ವಿಳಾಸಗಳೂ ಎಂದರ್ಥ. ಅದರಲ್ಲಿ ಕಂಟೇನರಿನ ಅಂಗಳವೂ ಸೇರಿದೆ, ಕಾರ್ಖಾನೆಯ ವೈ-ಫೈ ಜಾಲವೂ ಸೇರಿದೆ. ಗಣಕವು ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದರೆ ಇಡೀ ಜಗತ್ತೂ ಸೇರಿದೆ. ಮಾಲೀಕನು ಬಾಡಿಗೆದಾರನೊಬ್ಬನಿಗೆ ನೀರು ಕೊಡಲು ಬೀದಿಯ ಕಡೆಯ ಗೋಡೆಯನ್ನು ಒಡೆದಂತೆ ಇದು.

ಇದರ ಪರಿಣಾಮವನ್ನು 2017ರ ಜನವರಿಯಲ್ಲಿ ಜಗತ್ತು ಕಂಡಿತು. ಗುಪ್ತಪದವಿಲ್ಲದೆ ಅಂತರಜಾಲಕ್ಕೆ ತೆರೆದುಕೊಂಡಿದ್ದ ಸಾವಿರಾರು ಮಾಂಗೋಡಿಬಿ ದತ್ತಸಂಚಯಗಳನ್ನು ದುಷ್ಕರ್ಮಿಗಳು ಅಳಿಸಿಹಾಕಿ, ಹಿಂದಿರುಗಿಸಲು ಹಣ ಕೇಳಿದರು. ಅದೇ ವರ್ಷ ಬಿಡುಗಡೆಯಾದ ಅದರ 3.6ನೆಯ ಆವೃತ್ತಿಯು ಪೂರ್ವನಿಯೋಜಿತವಾಗಿ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳುವಂತಾಯಿತು.

ಡಾಕರಿನಲ್ಲಿ ಇದಕ್ಕೆ ಸಂಬಂಧಿಸಿದ ಇನ್ನೊಂದು ಅಪಾಯವಿದೆ. ಲಿನಕ್ಸ್‌ನಲ್ಲಿ ಪ್ರಕಟಿಸಿದ ಪೋರ್ಟುಗಳ ಸಂಚಾರವು ‘ಯುಎಫ್‌ಡಬ್ಲ್ಯು’ ಎಂಬ ಜನಪ್ರಿಯ ಫೈರ್‌ವಾಲ್ ಸಾಧನದ ನಿಯಮಗಳನ್ನು ಬಳಸಿಕೊಂಡು ಹೋಗದೆ ಬೇರೆ ದಾರಿಯಲ್ಲಿ ಸಾಗುತ್ತದೆ. ಫೈರ್‌ವಾಲ್ ಇದೆ ಎಂಬ ನೆಮ್ಮದಿಯಲ್ಲಿದ್ದಾಗಲೇ ಪೋರ್ಟು ಹೊರಜಗತ್ತಿಗೆ ತೆರೆದಿರುತ್ತದೆ. ಪ್ರಕಟಿಸುವಾಗ ಪೋರ್ಟಿನ ಮುಂದೆ 127.0.0.1 ಎಂದು ನಮೂದಿಸಿದರೆ ಆ ಬಾಗಿಲು ಆತಿಥೇಯಕ್ಕೆ ಮಾತ್ರ ಸೀಮಿತವಾಗುತ್ತದೆ.

9. ತೆರೆಯಬಾರದ ಬಾಗಿಲು: ಬೆರಳಚ್ಚು ಸೇವೆಯ ನಿದರ್ಶನ

ಕೆಲವು ಸೇವೆಗಳು 127.0.0.1ರಲ್ಲಿ ಮಾತ್ರ ಕೇಳುವುದು ಆಕಸ್ಮಿಕವಲ್ಲ. ಅದು ವಿಧಿಸಿದ ನಿಯಮ. ನಮ್ಮ ದೇಶದಲ್ಲಿ ಎಲ್ಲರಿಗೂ ಪರಿಚಿತವಾದ ನಿದರ್ಶನವೆಂದರೆ ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನ. ಗಣಕಕ್ಕೆ ಜೋಡಿಸಿದ ಇಂತಹ ಸಾಧನದೊಡನೆ ‘ಆರ್‌ಡಿ ಸೇವೆ’ ಎಂಬ ತಂತ್ರಾಂಶವು ನಡೆಯುತ್ತಿರುತ್ತದೆ. ಅದು 127.0.0.1ರಲ್ಲಿ 11100ರಿಂದ 11120ರವರೆಗಿನ ಪೋರ್ಟುಗಳ ಪೈಕಿ ಒಂದರಲ್ಲಿ ಕೇಳಬೇಕೆಂದು ಪ್ರಾಧಿಕಾರದ ನಿರ್ದೇಶನವಿದೆ. ಬಳಕೆಯ ತಂತ್ರಾಂಶವು ಈ ಪೋರ್ಟುಗಳನ್ನು ಒಂದೊಂದಾಗಿ ತಟ್ಟಿ, ಸೇವೆಯನ್ನು ಕಂಡುಕೊಂಡು ಬೆರಳಚ್ಚನ್ನು ಕೋರುತ್ತದೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಆಶ್ರಯದಲ್ಲಿ 2018ರಲ್ಲಿ ಆರಂಭಗೊಂಡ ‘ಮೊಸಿಪ್’ ಯೋಜನೆಯು ಇನ್ನೂ ಹತ್ತಿರದ ನಿದರ್ಶನವನ್ನು ಒದಗಿಸುತ್ತದೆ. ಯಾವ ದೇಶವಾದರೂ ತನ್ನ ಪ್ರಜೆಗಳ ಗುರುತಿನ ವ್ಯವಸ್ಥೆಯನ್ನು ಕಟ್ಟಿಕೊಳ್ಳಲು ಬಳಸಬಹುದಾದ ಮುಕ್ತ ತಂತ್ರಾಂಶವಿದು. ಮೊರಾಕೊ, ಫಿಲಿಪ್ಪೀನ್ಸ್, ಇಥಿಯೋಪಿಯ ಮುಂತಾದ ದೇಶಗಳು ಇದನ್ನು ಆಯ್ದುಕೊಂಡಿವೆ. ಇದರ ಕೇಂದ್ರಭಾಗದ ಸೇವೆಗಳು ಕುಬರ್ನೆಟೀಸ್‌ನ ಮೇಲೆ ಕಂಟೇನರುಗಳಾಗಿ ನಡೆಯುತ್ತವೆ. ಆದರೆ ನೋಂದಣಿ ಕೇಂದ್ರದಲ್ಲಿ ಬೆರಳಚ್ಚನ್ನೂ ಕಣ್ಣಿನ ಚಿತ್ರವನ್ನೂ ಸೆರೆಹಿಡಿಯುವ ಸಾಧನದ ಸೇವೆಯು ಅಲ್ಲಿನ ಗಣಕದ 127.0.0.1ರಲ್ಲಿ, 4501ರಿಂದ 4600ರವರೆಗಿನ ಪೋರ್ಟುಗಳಲ್ಲಿ ಕೇಳುತ್ತದೆ. ನೋಂದಣಿಯ ತಂತ್ರಾಂಶವೂ ಅದೇ ಗಣಕದ ಮೇಲೆ ನೇರವಾಗಿ ನಡೆಯುತ್ತದೆ.

ಈಗ ಪರೀಕ್ಷೆಯ ಅನುಕೂಲಕ್ಕಾಗಿ ಒಬ್ಬರು ಬಳಕೆಯ ತಂತ್ರಾಂಶವನ್ನು ಲಿನಕ್ಸ್ ಗಣಕದ ಕಂಟೇನರಿನೊಳಗೆ ಇರಿಸಿದರೆಂದು ಭಾವಿಸೋಣ. ಅದು 127.0.0.1ರ ಎಲ್ಲ ಪೋರ್ಟುಗಳನ್ನೂ ತಟ್ಟಿ ಯಾವ ಸಾಧನವೂ ಇಲ್ಲವೆನ್ನುತ್ತದೆ. ಗೇಟ್‌ವೇ ವಿಳಾಸವನ್ನು ಬಳಸಿದರೂ ಫಲವಿಲ್ಲ, ಏಕೆಂದರೆ ಸೇವೆಯು ಅಲ್ಲಿ ಕೇಳುತ್ತಿಲ್ಲ. ಆಗ ನಡುವೆ ಒಂದು ಮರುರವಾನೆಯ ತಂತ್ರಾಂಶವನ್ನಿರಿಸಿ ಎಲ್ಲ ವಿಳಾಸಗಳಿಂದ ಬಂದ ಕರೆಗಳನ್ನೂ ಸಾಧನಕ್ಕೆ ತಲುಪಿಸುವ ಆಸೆ ಹುಟ್ಟುತ್ತದೆ. ಸಾಧನದಿಂದ ಹೊರಬರುವ ಬೆರಳಚ್ಚು ಗೂಢಲಿಪಿಯಲ್ಲಿರುತ್ತದೆ ನಿಜ. ಆದರೂ ಮೇಜಿನ ಮುಂದೆ ಕುಳಿತಿರುವ ವ್ಯಕ್ತಿಯ ಬೆರಳಿನ ಮೇಲೆ ಯಾರು ಕೋರಿಕೆ ಸಲ್ಲಿಸುತ್ತಿದ್ದಾರೆ ಎಂಬುದು ಆಗ ಖಚಿತವಾಗಿ ಉಳಿಯುವುದಿಲ್ಲ. ‘ಇದೇ ಗಣಕದ ಮುಂದಿರುವವರು, ಇದೇ ಗಣಕದ ತಂತ್ರಾಂಶದ ಮೂಲಕ’ ಎಂಬ ಒಪ್ಪಂದವನ್ನು 127.0.0.1 ಎಂಬ ವಿಳಾಸವು ಮೌನವಾಗಿ ಕಾಯುತ್ತಿತ್ತು. ಗುಪ್ತಪದವನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಆದುದರಿಂದ ನಿಜವಾದ ಸಾಧನ ಮತ್ತು ನಿಜವಾದ ಜನರಿರುವಲ್ಲಿ ಅದರ ಬಳಕೆಯ ತಂತ್ರಾಂಶವನ್ನು ಆತಿಥೇಯದ ಮೇಲೆಯೇ ಇರಿಸಿ, ಉಳಿದ ಸೇವೆಗಳನ್ನು ಮಾತ್ರ ಕಂಟೇನರಿಗೆ ಸೇರಿಸುವುದೇ ಸರಿಯಾದ ವಿನ್ಯಾಸ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಂಟೇನರಿನ ಒಳಗಿನಿಂದ ಆತಿಥೇಯವು ಕಾಣದಿರುವುದು ತಂತ್ರಜ್ಞಾನದ ಲೋಪವಲ್ಲ. ಅದು ಗೋಡೆಯು ತನ್ನ ಕೆಲಸವನ್ನು ಮಾಡುತ್ತಿರುವುದರ ಗುರುತು. ಸಂಪರ್ಕ ಅವಶ್ಯವಾದಲ್ಲಿ ಗೊತ್ತುಪಡಿಸಿದ ಹೆಸರಿನ ಮೂಲಕ, ಒಂದು ಪೋರ್ಟಿಗೆ, ಒಂದು ಜಾಲದಿಂದ, ಗುಪ್ತಪದದೊಡನೆ ಅನುಮತಿ ನೀಡಬೇಕು. ಆ ಹೆಸರನ್ನು ತಂತ್ರಾಂಶದೊಳಗೆ ಹುದುಗಿಸದೆ ಸಂಯೋಜನೆಯಲ್ಲಿ ಇರಿಸಿದರೆ, ಮುಂದೆ ದತ್ತಸಂಚಯವು ಬೇರೆ ಗಣಕಕ್ಕೆ ಸ್ಥಳಾಂತರಗೊಂಡಾಗಲೂ ಕಂಟೇನರನ್ನು ಬದಲಾಯಿಸಬೇಕಾಗುವುದಿಲ್ಲ. ಅನೇಕ ಗಣಕಗಳ ಮೇಲೆ ಕಂಟೇನರುಗಳು ಸಂಚರಿಸುವ ಕುಬರ್ನೆಟೀಸ್‌ನಂತಹ ಪರಿಸರದಲ್ಲಿ ‘ನನ್ನ ಆತಿಥೇಯ’ ಎಂಬ ಮಾತಿಗೆ ಸ್ಥಿರವಾದ ಅರ್ಥವೇ ಇರದ ಕಾರಣ ಅಲ್ಲಿ ಈ ಶಿಸ್ತು ಅನಿವಾರ್ಯವೇ ಆಗುತ್ತದೆ.

ಬೊಮ್ಮಸಂದ್ರ, ಜಿಗಣಿಗಳ ಸಣ್ಣ ಘಟಕಗಳಿಗೆ ಪ್ರತ್ಯೇಕ ತಂತ್ರಜ್ಞರ ತಂಡವನ್ನು ಇಟ್ಟುಕೊಳ್ಳುವ ಶಕ್ತಿ ಇರುವುದು ಅಪರೂಪ. ಅಲ್ಲಿ ಗಣಕವನ್ನು ನೋಡಿಕೊಳ್ಳುವ ಒಬ್ಬರೇ ಈ ನಿರ್ಧಾರಗಳನ್ನೆಲ್ಲ ಕೈಗೊಳ್ಳಬೇಕಾಗುತ್ತದೆ. ಅವರ ಮುಂದಿರುವ ದತ್ತಸಂಚಯದ ಪ್ರತಿ ಸಾಲಿನ ಹಿಂದೆಯೂ ಒಬ್ಬ ಕಾರ್ಮಿಕರ ದುಡಿಮೆ ಮತ್ತು ಗುರುತು ಅಡಗಿವೆ. ಸಂಪರ್ಕ ಸಾಧ್ಯವಾಯಿತೇ ಎಂಬ ಪ್ರಶ್ನೆಗೆ ಉತ್ತರ ದೊರೆತ ಬಳಿಕ, ಬೇರೆ ಯಾರಿಗೆಲ್ಲ ಸಾಧ್ಯವಾಯಿತು ಎಂಬ ಪ್ರಶ್ನೆಯನ್ನೂ ಕೇಳಿಕೊಂಡರೆ ಮಾತ್ರ ಕೆಲಸ ಪೂರ್ಣವಾದಂತೆ.